ಪ್ರೋಗ್ರಾಂ ಓಡುತ್ತಿರುವಾಗಲೇ ಹೊಸ ಆಕಾರದ ರೆಕಾರ್ಡ್ ಸೃಷ್ಟಿಸುವುದು ಹೇಗೆ?

ಸಂಪಿನ ಲೆಕ್ಕ

ಎಲ್ಲರಿಗೂ ನಮಸ್ಕಾರ. ಬೆಳ್ಳಂದೂರು ಮತ್ತು ವರ್ತೂರು ಸುತ್ತಲಿನ ಅಪಾರ್ಟ್‌ಮೆಂಟ್ ಸಂಘಗಳಿಗಾಗಿ ನೀರಿನ ಲೆಕ್ಕ ಇಡುವ ಒಂದು ಸಣ್ಣ ತಂತ್ರಾಂಶವನ್ನು ನಾವು ಮೂವರು ಗೆಳೆಯರು ಹ್ಯಾಸ್ಕೆಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆಯುತ್ತಿದ್ದೇವೆ. ಟ್ಯಾಂಕರ್ ಬಂದಾಗ ಗೇಟಿನಲ್ಲಿರುವ ಸೆಕ್ಯುರಿಟಿಯವರು ಫೋನಿನಲ್ಲಿ ಒಂದು ನಮೂನೆಯನ್ನು ತುಂಬುತ್ತಾರೆ. ಆರಂಭದಲ್ಲಿ ಅದರಲ್ಲಿದ್ದದ್ದು ಐದೇ ಫೀಲ್ಡ್‌ಗಳು: ದಿನಾಂಕ, ಗಾಡಿ ಸಂಖ್ಯೆ, ಲೀಟರ್, ಮೊತ್ತ, ಮತ್ತು ನೀರು ಯಾವ ಸಂಪಿಗೆ ಇಳಿಯಿತು ಎಂಬುದು. ಅದಕ್ಕೆ ಸರಿಯಾಗಿ ಐದು ಫೀಲ್ಡ್‌ಗಳ ಒಂದು ರೆಕಾರ್ಡ್ ಟೈಪ್, ಅಂದರೆ ದಾಖಲೆಯಲ್ಲಿ ಏನೇನು ಇರಬೇಕೆಂಬ ನಿಗದಿತ ಅಚ್ಚು, ಬರೆದು ನೆಮ್ಮದಿಯಾಗಿದ್ದೆವು.

2024ರ ಬೇಸಿಗೆಯಲ್ಲಿ ಜಿಲ್ಲಾಡಳಿತವು ಟ್ಯಾಂಕರ್ ನೀರಿನ ದರವನ್ನು ಗಾತ್ರಕ್ಕೂ ದೂರಕ್ಕೂ ತಕ್ಕಂತೆ ನಿಗದಿ ಮಾಡಿದ್ದು ನಿಮಗೆ ನೆನಪಿರಬಹುದು. 5 ಕಿ.ಮೀ. ಒಳಗೆ ಒಂದು ದರ, ಅದರಾಚೆ ಇನ್ನೊಂದು. ಅಂದಿನಿಂದ ಸಂಘಗಳು ‘ದೂರ’ ಎಂಬ ಫೀಲ್ಡ್ ಬೇಕೆಂದು ಕೇಳತೊಡಗಿದವು. ಬಳಿಕ ಒಂದು ಸಂಘಕ್ಕೆ ನೀರಿನ ಟಿಡಿಎಸ್ (ಕರಗಿದ ಲವಣಾಂಶ) ದಾಖಲಿಸಬೇಕಾಯಿತು. ಮತ್ತೊಂದಕ್ಕೆ ಜಲಮಂಡಳಿಯ ಆರ್‌ಆರ್ ಸಂಖ್ಯೆಯೂ ಮೀಟರ್ ರೀಡಿಂಗೂ ಬೇಕಾದವು. ಪ್ರತಿ ಸಲವೂ ಟೈಪ್ ತಿದ್ದಿ, ಕಂಪೈಲ್ ಮಾಡಿ (ಅಂದರೆ ಯಂತ್ರ ಓಡಿಸಬಲ್ಲ ರೂಪಕ್ಕೆ ತಂದು), ಸರ್ವರ್‌ಗೆ ಏರಿಸಿ ಸುಸ್ತಾಗಿದೆ. ಸಂಘದ ಕಾರ್ಯದರ್ಶಿಯೇ ಸೆಟ್ಟಿಂಗ್ ಪುಟದಲ್ಲಿ ಹೊಸ ಫೀಲ್ಡ್ ಸೇರಿಸಿದರೆ, ಓಡುತ್ತಿರುವ ಪ್ರೋಗ್ರಾಂ ಆ ಆಕಾರದ ರೆಕಾರ್ಡ್‌ಗಳನ್ನು ತಾನೇ ಸೃಷ್ಟಿಸಿಕೊಳ್ಳಬೇಕು ಎಂಬುದು ನಮ್ಮ ಆಸೆ. ಪೈಥಾನ್‌ನಲ್ಲಾದರೆ ಯಾವ ಆಬ್ಜೆಕ್ಟ್‌ಗೆ ಬೇಕಾದರೂ ಹೊಸ ಅಟ್ರಿಬ್ಯೂಟ್ ಅಂಟಿಸಿಬಿಡುತ್ತಿದ್ದೆ.

ಒಂದು ಉಪಾಯ ಮಾಡಿ ನೋಡಿ ಕೈಸುಟ್ಟುಕೊಂಡಿದ್ದೇವೆ. ಎಲ್ಲವನ್ನೂ ಪಠ್ಯದಿಂದ ಪಠ್ಯಕ್ಕೆ ಹೋಗುವ ಒಂದು ಮ್ಯಾಪ್‌ನಲ್ಲಿ, ಅಂದರೆ ಹೆಸರು ಕೊಟ್ಟರೆ ಮೌಲ್ಯ ಸಿಗುವ ಕೋಷ್ಟಕದಲ್ಲಿ, ಇಟ್ಟೆವು. ಒಬ್ಬರು ‘12000’ ಎಂದು ಬರೆದರು, ಇನ್ನೊಬ್ಬರು ‘12,000’ ಎಂದರು, ಮಗದೊಬ್ಬರು ತಮ್ಮ ಕೀಲಿಮಣೆಯಲ್ಲಿ ಬಂದಂತೆ ‘೧೨೦೦೦’ ಎಂದರು. ಸಂಖ್ಯೆಯಾಗಿ ಓದಲಾಗದ್ದನ್ನು ನಮ್ಮ ಫಂಕ್ಷನ್ ಸದ್ದಿಲ್ಲದೆ ಸೊನ್ನೆ ಎಂದು ಕೂಡಿತು. ತಿಂಗಳ ಕೊನೆಯಲ್ಲಿ ಬಿಲ್ಲಿಗೂ ಲೆಕ್ಕಕ್ಕೂ ತಾಳೆಯಾಗದೆ ಕಾರ್ಯದರ್ಶಿಯವರಿಂದ ಚೆನ್ನಾಗಿ ಕೇಳಿಸಿಕೊಂಡೆವು. ತಪ್ಪು ನಮ್ಮದೇ. ಕೋಡಿನಿಂದಲೇ ಕೋಡ್ ಬರೆಸುವ ಟೆಂಪ್ಲೇಟ್ ಹ್ಯಾಸ್ಕೆಲ್ ಇದಕ್ಕೆ ಉತ್ತರವೇ? ಅಥವಾ ಈ ಕೆಲಸಕ್ಕೆ ಭಾಷೆಯನ್ನೇ ತಪ್ಪಾಗಿ ಆರಿಸಿಕೊಂಡೆವೆ?

ಹದಿನೆಂಟನೇ ಅಡ್ಡರಸ್ತೆ

ನಿಮ್ಮ ಪ್ರಶ್ನೆಯಲ್ಲಿ ಎರಡು ಪ್ರಶ್ನೆಗಳು ಹೆಣೆದುಕೊಂಡಿವೆ. ಬಿಡಿಸಿ ನೋಡಿದರೆ ಅರ್ಧ ತೊಡಕು ಅಲ್ಲೇ ಸಡಿಲವಾಗುತ್ತದೆ.

ಪ್ರೋಗ್ರಾಂ ಓಡುವಾಗ ಹೊಸ ದತ್ತಾಂಶವನ್ನು ಸೃಷ್ಟಿಸುವುದು ಹ್ಯಾಸ್ಕೆಲ್‌ಗೆ ಉಸಿರಾಟದಷ್ಟೇ ಸಹಜ. ಇದ್ದದ್ದನ್ನು ತಿದ್ದುವ ಪದ್ಧತಿಯೇ ಇಲ್ಲದ ಕಾರಣ, ಪಟ್ಟಿಗೆ ಒಂದು ಅಂಶ ಸೇರಿಸಿದರೂ, ರೆಕಾರ್ಡ್‌ನ ಒಂದು ಫೀಲ್ಡ್ ಬದಲಿಸಿದರೂ, ಹೀಪ್‌ನಲ್ಲಿ, ಅಂದರೆ ಪ್ರೋಗ್ರಾಂ ಬಳಸುವ ಮೆಮೊರಿಯಲ್ಲಿ, ಹೊಸದೊಂದು ವಸ್ತು ಹುಟ್ಟುತ್ತದೆ. ಹ್ಯಾಸ್ಕೆಲ್‌ನ ಜಿಎಚ್‌ಸಿ ಕಂಪೈಲರ್ ಇದನ್ನು ಅತಿ ಅಗ್ಗವಾಗಿಸಿದೆ: ನರ್ಸರಿ ಎಂಬ ಜಾಗದಲ್ಲಿ ಪಾಯಿಂಟರನ್ನು ಮುಂದಕ್ಕೆ ತಳ್ಳಿದರೆ ವಸ್ತುವಿಗೆ ಜಾಗ ಸಿಕ್ಕಿತು. ಆ ನರ್ಸರಿಯ ಸಹಜ ಗಾತ್ರ ಮೊದಲು 1 ಎಂಬಿ ಇತ್ತು, 9.2ರ ಆವೃತ್ತಿಯಿಂದ 4 ಎಂಬಿ ಆಗಿದೆ. ಆದ್ದರಿಂದ ವಸ್ತುಗಳನ್ನು ಸೃಷ್ಟಿಸುವ ಬಗ್ಗೆ ನಿಮಗೆ ಚಿಂತೆ ಬೇಡ.

ನಿಮಗೆ ಬೇಕಿರುವುದು ಹೊಸ ವಸ್ತುವಲ್ಲ, ಹೊಸ ಆಕಾರ. ಅದು ಬೇರೆಯೇ ಸಂಗತಿ. ಹ್ಯಾಸ್ಕೆಲ್‌ನಲ್ಲಿ ಟೈಪ್ ಎಂಬುದು ಕಟ್ಟಡಕ್ಕೆ ಕಟ್ಟಿದ ಸಾರುವೆಯ ಹಾಗೆ: ಕಂಪೈಲರ್ ಅದನ್ನು ಹಿಡಿದುಕೊಂಡು ಗೋಡೆ ಎಬ್ಬಿಸುತ್ತದೆ, ಕೆಲಸ ಮುಗಿದ ಮೇಲೆ ಕಳಚಿ ಒಯ್ಯುತ್ತದೆ. ಗೃಹಪ್ರವೇಶವಾದ ಮೇಲೆ ಬಂದು ಸಾರುವೆ ಎಲ್ಲಿ ಎಂದು ಹುಡುಕಿದರೆ ಸಿಗುವುದಿಲ್ಲ. ಟೆಂಪ್ಲೇಟ್ ಹ್ಯಾಸ್ಕೆಲ್ ಕೂಡ ಕೆಲಸ ಮಾಡುವುದು ಕಂಪೈಲ್ ಆಗುವ ಹೊತ್ತಿನಲ್ಲೇ. ನಿಮ್ಮ ಕಾರ್ಯದರ್ಶಿಗಳು ಸೆಟ್ಟಿಂಗ್ ಪುಟ ತೆರೆಯುವ ವೇಳೆಗೆ ಅದರ ಪಾಳಿ ಮುಗಿದಿರುತ್ತದೆ. ಕಂಪೈಲರನ್ನೇ ಪ್ರೋಗ್ರಾಂನೊಳಗೆ ಹೊತ್ತೊಯ್ದು, ಓಡುವಾಗ ಕೋಡನ್ನು ಅರ್ಥೈಸುವ ‘ಹಿಂಟ್’ ಎಂಬ ಲೈಬ್ರರಿಯಿದೆ. ಒಂದು ಫೀಲ್ಡ್ ಸೇರಿಸುವುದಕ್ಕೆ ಅಷ್ಟು ದೊಡ್ಡ ಸಂಸಾರವನ್ನು ಸರ್ವರ್ ಮೇಲೆ ಸಾಕುವುದನ್ನು ನಾನಂತೂ ಒಪ್ಪುವುದಿಲ್ಲ.

ದಾರಿ ಸರಳವಾಗಿದೆ. ಆಕಾರವನ್ನೇ ಒಂದು ಸಾಮಾನ್ಯ ಮೌಲ್ಯವನ್ನಾಗಿ ಮಾಡಿಕೊಳ್ಳಿ. ಫೀಲ್ಡ್‌ನ ಹೆಸರು, ಅದರ ಬಗೆ, ಅದು ಕಡ್ಡಾಯವೋ ಅಲ್ಲವೋ ಎಂಬ ಮೂರು ಸಂಗತಿಗಳ ಪಟ್ಟಿಯೇ ನಿಮ್ಮ ಸ್ಕೀಮಾ. ಅದು ಡೇಟಾಬೇಸ್‌ನಿಂದ ಬರಲಿ, ಫೈಲಿನಿಂದ ಬರಲಿ, ಹ್ಯಾಸ್ಕೆಲ್‌ಗೆ ಅದು ಮತ್ತೊಂದು ಪಟ್ಟಿ ಅಷ್ಟೇ. ಮೌಲ್ಯಗಳಿಗೆ ಸಂಖ್ಯೆ, ಪಠ್ಯ, ದಿನಾಂಕ, ಹಣ, ಹೌದು-ಅಲ್ಲ, ಆಯ್ಕೆ ಎಂಬ ಕೆಲವು ಕನ್‌ಸ್ಟ್ರಕ್ಟರ್‌ಗಳಿರುವ (ಅಂದರೆ ಮೌಲ್ಯ ಕಟ್ಟುವ ಬಗೆಗಳಿರುವ) ಒಂದೇ ಟೈಪ್ ಬರೆಯಿರಿ. ತಂತ್ರಾಂಶಗಳು ಮಾಹಿತಿ ವಿನಿಮಯಕ್ಕೆ ಬಳಸುವ ಜೇಸನ್ ರೂಪಕ್ಕಾಗಿ ಎಲ್ಲರೂ ಬಳಸುವ ಏಸನ್ ಲೈಬ್ರರಿಯು ಮಾಡಿರುವುದೂ ಇದನ್ನೇ. ಆದರೆ ಜೇಸನ್‌ಗೆ ದಿನಾಂಕವೂ ಗೊತ್ತಿಲ್ಲ, ಹಣವೂ ಗೊತ್ತಿಲ್ಲ, ಆದ್ದರಿಂದ ಅದರ ಆರು ಬಗೆಗಳನ್ನು ಹಾಗೆಯೇ ಎತ್ತಿಕೊಳ್ಳಬೇಡಿ.

‘೧೨೦೦೦’ದ ಬಗ್ಗೆ ಒಂದು ಮಾತು. ಹ್ಯಾಸ್ಕೆಲ್‌ನ ‘ಈಸ್‌ಡಿಜಿಟ್’ ಫಂಕ್ಷನ್ ಒಪ್ಪುವುದು 0ಯಿಂದ 9ರವರೆಗಿನ ಆಸ್ಕಿ ಅಂಕೆಗಳನ್ನು ಮಾತ್ರ. ಕನ್ನಡದ ‘೧’ ಅನ್ನು ‘ಈಸ್‌ನಂಬರ್’ ಸಂಖ್ಯೆ ಎಂದು ಗುರುತಿಸುತ್ತದೆಯಾದರೂ, ಅದರ ಬೆಲೆ ಎಷ್ಟು ಎಂದು ಹೇಳಿಕೊಡುವುದಿಲ್ಲ. ಕನ್ನಡದ ಹತ್ತು ಅಂಕೆಗಳು ಯೂನಿಕೋಡ್‌ನಲ್ಲಿ ಸಾಲಾಗಿಯೇ ಕುಳಿತಿರುವುದರಿಂದ ‘೦’ದ ಸಂಕೇತ ಸಂಖ್ಯೆಯನ್ನು ಕಳೆದರೆ ಬೆಲೆ ಸಿಗುತ್ತದೆ. ಗೇಟಿನಲ್ಲಿ ನಿಂತು ಬರೆಯುವವರಿಗೆ ಇಂಗ್ಲಿಷ್ ಅಂಕೆಯನ್ನೇ ಬರೆಯಿರಿ ಎಂದು ಆಜ್ಞೆ ಮಾಡುವುದಕ್ಕಿಂತ ಈ ಮೂರು ಸಾಲು ಬರೆಯುವುದು ಮರ್ಯಾದೆ.

ಆವರಣಪ್ರಿಯ

ಹ್ಯಾಸ್ಕೆಲ್ ಬಳಗದವರು ಇಷ್ಟು ಸುತ್ತಿ ಬರುವುದನ್ನು ನೋಡಿದರೆ ಅಯ್ಯೋ ಎನಿಸುತ್ತದೆ. ಲಿಸ್ಪ್ ಮನೆತನದ ಭಾಷೆಗಳಲ್ಲಿ (ಕಾಮನ್ ಲಿಸ್ಪ್, ರ್‍ಯಾಕೆಟ್, ಕ್ಲೋಜರ್) ಪ್ರೋಗ್ರಾಂ ಓಡುವ ಹೊತ್ತು, ಕಂಪೈಲ್ ಆಗುವ ಹೊತ್ತು ಎಂಬ ಗೋಡೆ ಅಷ್ಟು ಎತ್ತರವಾಗಿಲ್ಲ. ಕಾಮನ್ ಲಿಸ್ಪ್‌ನಲ್ಲಿ, 1994ರ ಆನ್ಸಿ ಮಾನಕ ಬಂದಾಗಿನಿಂದಲೂ, ಓಡುತ್ತಿರುವ ಪ್ರೋಗ್ರಾಂನಲ್ಲಿ ಒಂದು ಕ್ಲಾಸನ್ನು ಮತ್ತೆ ವ್ಯಾಖ್ಯಾನಿಸಿದರೆ ಹಳೆಯ ಆಬ್ಜೆಕ್ಟ್‌ಗಳೂ ಹೊಸ ಆಕಾರಕ್ಕೆ ಬದಲಾಗುತ್ತವೆ. ಹೇಗೆ ಬದಲಾಗಬೇಕು ಎಂಬುದನ್ನು ಹೇಳಲು ಒಂದು ಮೆಥಡ್ ಕೂಡ ಇದೆ.

ರ್‍ಯಾಕೆಟ್‌ನಲ್ಲಿ ‘ಮೇಕ್ ಸ್ಟ್ರಕ್ಟ್ ಟೈಪ್’ ಎಂಬುದು ಒಂದು ಸಾಮಾನ್ಯ ಫಂಕ್ಷನ್. ಹೆಸರನ್ನೂ ಫೀಲ್ಡ್‌ಗಳ ಸಂಖ್ಯೆಯನ್ನೂ ಕೊಟ್ಟರೆ ಅದು ಐದು ಮೌಲ್ಯಗಳನ್ನು ಹಿಂದಿರುಗಿಸುತ್ತದೆ: ಆ ಹೊಸ ಟೈಪ್‌ನ ವಿವರ, ಅದನ್ನು ಕಟ್ಟುವ ಫಂಕ್ಷನ್, ಇದು ಆ ಜಾತಿಯದೋ ಎಂದು ಪರೀಕ್ಷಿಸುವ ಫಂಕ್ಷನ್, ಫೀಲ್ಡ್ ಓದುವ ಫಂಕ್ಷನ್, ಫೀಲ್ಡ್ ತಿದ್ದುವ ಫಂಕ್ಷನ್. ನಿಮ್ಮ ಕಾರ್ಯದರ್ಶಿಗಳು ಪುಟದಲ್ಲಿ ಗುಂಡಿ ಒತ್ತಿದ ಕ್ಷಣವೇ ನಿಜವಾದ ಹೊಸ ಟೈಪ್ ಹುಟ್ಟುತ್ತದೆ. ನಾಟಕದ ಟೈಪ್ ಅಲ್ಲ.

ಆದರೂ ಪ್ರಾಮಾಣಿಕವಾಗಿ ಹೇಳುವುದಾದರೆ, ನಾನು ಇಂಥ ಕೆಲಸಕ್ಕೆ ಅದನ್ನು ಬಳಸಿ ಒಮ್ಮೆ ಪೇಚಿಗೆ ಸಿಕ್ಕಿದ್ದೇನೆ. ಆ ಫಂಕ್ಷನನ್ನು ಒಂದೇ ವಿವರದೊಂದಿಗೆ ಎರಡು ಸಲ ಕರೆದರೆ ಎರಡು ಬೇರೆ ಬೇರೆ ಟೈಪ್‌ಗಳು ಹುಟ್ಟುತ್ತವೆ. ಹೆಸರು ಒಂದೇ, ಫೀಲ್ಡ್‌ಗಳು ಒಂದೇ, ಆದರೂ ಬೆಳಿಗ್ಗೆ ಹುಟ್ಟಿದ ರೆಕಾರ್ಡನ್ನು ಸಂಜೆ ಹುಟ್ಟಿದ ಪರೀಕ್ಷಕ ತನ್ನದಲ್ಲ ಎನ್ನುತ್ತದೆ. ಸರ್ವರ್ ಸ್ಕೀಮಾವನ್ನು ಮತ್ತೆ ಓದಿಕೊಂಡಾಗಲೆಲ್ಲ ಹೀಗಾಗಿ, ಕಾರಣ ತಿಳಿಯಲು ನನಗೆ ಎರಡು ದಿನ ಹಿಡಿಯಿತು. ಈಗ ಕ್ಲೋಜರ್‌ನಲ್ಲಿ ಬರಿಯ ಮ್ಯಾಪ್ ಬಳಸುತ್ತೇನೆ; ಕೀವರ್ಡ್‌ಗಳೇ ಫೀಲ್ಡ್‌ಗಳು. ಅಲ್ಲಿ ಮ್ಯಾಪ್ ದೊಡ್ಡದಾಗಿದ್ದರೆ ಹೊಸ ಫೀಲ್ಡ್ ಸೇರಿಸಿದಾಗ ಇಡೀ ಮ್ಯಾಪಿನ ನಕಲಾಗುವುದಿಲ್ಲ, ಬದಲಾದ ಕೊಂಬೆ ಮಾತ್ರ ಹೊಸದಾಗಿ ಉಳಿದದ್ದು ಹಂಚಿಕೆಯಾಗುತ್ತದೆ.

ಎರಡನೇ ಸೆಮಿಸ್ಟರ್

ಹಿರಿಯರ ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಹದಿನೆಂಟನೇ ಅಡ್ಡರಸ್ತೆಯವರು ಹೇಳಿದಂತೆ ಎಲ್ಲ ಮೌಲ್ಯಗಳಿಗೂ ಒಂದೇ ಟೈಪ್ ಕೊಟ್ಟು ಮ್ಯಾಪ್‌ನಲ್ಲಿ ಇಟ್ಟರೆ, ಅದು ಕ್ಲೋಜರ್‌ನಲ್ಲಿ ಮಾಡಿದ್ದೇ ಆಯಿತಲ್ಲವೇ, ಸರ್? ಕಂಪೈಲರ್ ನನ್ನ ಬೆನ್ನಿಗಿದೆ ಎಂಬ ಧೈರ್ಯಕ್ಕಾಗಿ ಹ್ಯಾಸ್ಕೆಲ್ ಕಲಿಯುತ್ತಿರುವ ನನಗೆ, ಪ್ರತಿ ಫೀಲ್ಡ್ ಓದುವಾಗಲೂ ಇದು ಸಂಖ್ಯೆಯೋ ಪಠ್ಯವೋ ಎಂದು ಮತ್ತೆ ಮತ್ತೆ ಪ್ಯಾಟರ್ನ್ ಮ್ಯಾಚ್ ಮಾಡಬೇಕಾದರೆ ಏನು ಲಾಭ ಎಂಬುದು ಅರ್ಥವಾಗುತ್ತಿಲ್ಲ. ಡೈನಮಿಕ್ ಎಂಬ ಲೈಬ್ರರಿ ಇದಕ್ಕೆ ಆಗುವುದಿಲ್ಲವೇ?

ಹದಿನೆಂಟನೇ ಅಡ್ಡರಸ್ತೆ

ಬಾಯಿ ಹಾಕಿದ್ದು ಒಳ್ಳೆಯದೇ ಆಯಿತು. ನಾನು ಅರ್ಧ ಉತ್ತರ ಕೊಟ್ಟು ನಿಲ್ಲಿಸಿದ್ದೆ.

ಮೊದಲು ಡೈನಮಿಕ್. ಅದು ಒಂದು ಮೌಲ್ಯವನ್ನೂ ಅದರ ಟೈಪ್‌ನ ಗುರುತುಚೀಟಿಯನ್ನೂ ಒಂದೇ ಚೀಲಕ್ಕೆ ಹಾಕಿ ಹೊಲಿಯುತ್ತದೆ. ಹೊರತೆಗೆಯುವಾಗ ನೀವು ಕೇಳಿದ ಟೈಪ್ ಚೀಟಿಗೆ ಹೊಂದಿದರೆ ಮೌಲ್ಯ ಸಿಗುತ್ತದೆ, ಇಲ್ಲವಾದರೆ ‘ನಥಿಂಗ್’ ಸಿಗುತ್ತದೆ. ಸುಳ್ಳು ಹೇಳಲಾಗದ ಚೀಲ ಅದು. ಆದರೆ ನಿಮ್ಮ ಕೋಡಿನಲ್ಲಿ ಮೊದಲೇ ಇರುವ ಟೈಪ್‌ಗಳನ್ನಷ್ಟೇ ಅದು ಹೊರಬಲ್ಲದು. ಹೊಸ ಟೈಪನ್ನು ಹುಟ್ಟಿಸಲಾರದು. ಜೊತೆಗೆ ಯಾವ ಟೈಪ್ ಬೇಕಾದರೂ ಒಳಗೆ ಬರಬಹುದಾದ್ದರಿಂದ, ಈ ಫೀಲ್ಡನ್ನು ಪುಟದಲ್ಲಿ ಹೇಗೆ ತೋರಿಸಲಿ, ಡೇಟಾಬೇಸ್‌ಗೆ ಹೇಗೆ ಬರೆಯಲಿ ಎಂದು ಕೇಳಿದರೆ ಚೀಲ ಸುಮ್ಮನಿರುತ್ತದೆ. ಸಂಪಿನ ಲೆಕ್ಕದವರಿಗೆ ಬೇಕಿರುವ ಬಗೆಗಳು ಆರೋ ಏಳೋ. ಅಷ್ಟಕ್ಕೆ ಊರಿನ ಬಾಗಿಲನ್ನೆಲ್ಲ ತೆರೆಯುವ ಅಗತ್ಯವಿಲ್ಲ.

ಮತ್ತೆ ಮತ್ತೆ ಪರೀಕ್ಷಿಸುವ ಕಾಟದಿಂದ ತಪ್ಪಿಸಿಕೊಳ್ಳುವ ಬಗೆ ಹೀಗಿದೆ. ಫೋನಿನಿಂದ ಬರೆಯುತ್ತಿರುವುದರಿಂದ ಕೋಡನ್ನು ಮಾತಿನಲ್ಲೇ ಹೇಳುತ್ತೇನೆ. ‘ಬಗೆ’ ಎಂಬ ಟೈಪ್ ಬರೆಯಿರಿ. ಅದಕ್ಕೆ ಒಂದು ಟೈಪ್ ಪ್ಯಾರಾಮೀಟರ್, ಅಂದರೆ ಇನ್ನೊಂದು ಟೈಪ್‌ನ ಹೆಸರು ತುಂಬುವ ಖಾಲಿ ಜಾಗ, ಇರಲಿ. ಅದರ ‘ಪೂರ್ಣಾಂಕ’ ಎಂಬ ಕನ್‌ಸ್ಟ್ರಕ್ಟರ್‌ನ ಟೈಪ್ ‘ಇಂಟ್‌ನ ಬಗೆ’, ‘ಪಠ್ಯ’ದ್ದು ‘ಟೆಕ್ಸ್ಟ್‌ನ ಬಗೆ’, ‘ದಿನ’ದ್ದು ‘ಡೇ ಎಂಬುದರ ಬಗೆ’. ಹೀಗೆ ಪ್ರತಿ ಕನ್‌ಸ್ಟ್ರಕ್ಟರೂ ತನ್ನದೇ ಪ್ಯಾರಾಮೀಟರನ್ನು ಗೊತ್ತುಪಡಿಸುವ ಟೈಪ್‌ಗಳನ್ನು ಜಿಎಡಿಟಿ ಎನ್ನುತ್ತಾರೆ. ‘ಪೂರ್ಣಾಂಕ’ ಎಂಬುದು ಓಡುವ ಹೊತ್ತಿನಲ್ಲಿ ಕೈಗೆ ಸಿಗುವ ಸಾಮಾನ್ಯ ಮೌಲ್ಯ, ಆದರೆ ಅದರ ಮೇಲೆ ಪ್ಯಾಟರ್ನ್ ಮ್ಯಾಚ್ ಮಾಡಿದ ಕೂಡಲೇ, ಆ ಕವಲಿನೊಳಗೆ, ಆ ಪ್ಯಾರಾಮೀಟರ್ ‘ಇಂಟ್’ ಎಂದು ಕಂಪೈಲರ್‌ಗೂ ಮನವರಿಕೆಯಾಗುತ್ತದೆ. ಕಳಚಿ ಒಯ್ದ ಸಾರುವೆಯಲ್ಲಿ ನಮಗೆ ಬೇಕಾದ ಒಂದು ಗಳವನ್ನು ಬೇಕೆಂದೇ ಉಳಿಸಿಕೊಂಡ ಹಾಗೆ.

ಎರಡು ಬಗೆಗಳನ್ನು ಹೋಲಿಸುವ ಒಂದು ಫಂಕ್ಷನ್ ಬರೆಯಿರಿ. ಅದು ಹೌದು ಅಥವಾ ಅಲ್ಲ ಎನ್ನುವ ಬದಲು, ಹೌದಾದರೆ ಎರಡೂ ಟೈಪ್‌ಗಳು ಒಂದೇ ಎಂಬ ಸಾಕ್ಷ್ಯವನ್ನೇ ಹಿಂದಿರುಗಿಸಬೇಕು. ‘ಟೆಸ್ಟ್‌ಈಕ್ವಾಲಿಟಿ’ ಎಂಬ ಕ್ಲಾಸ್ ಬೇಸ್ ಲೈಬ್ರರಿಯಲ್ಲೇ ಇದೆ, ಅದರ ಇನ್‌ಸ್ಟನ್ಸ್ ಬರೆದರೆ ಸಾಕು.

ಇನ್ನು ಮುಖ್ಯವಾದ ಹೆಜ್ಜೆ. ಸ್ಕೀಮಾ ಲೋಡ್ ಆದ ಹೊತ್ತಿನಲ್ಲಿ ಒಂದೇ ಒಂದು ಸಲ, ‘ಲೀಟರ್ ಎಂಬ ಫೀಲ್ಡ್ ಇದೆಯೇ, ಅದು ಪೂರ್ಣಾಂಕವೇ?’ ಎಂದು ಕೇಳಿ. ಇದ್ದರೆ ಕೈಗೆ ಒಂದು ಬೀಗದ ಕೈ ಸಿಗಲಿ. ಆ ಕೈಯ ಟೈಪ್ ‘ಇಂಟ್ ಕೊಡುವ ಕೈ’. ಆ ಸ್ಕೀಮಾದ ಪ್ರಕಾರ ಗೇಟಿನಲ್ಲೇ ತಪಾಸಣೆಯಾಗಿ ಒಳಬಂದ ಪ್ರತಿ ರೆಕಾರ್ಡಿಗೂ ಆ ಕೈಯನ್ನು ಹಾಕಿದರೆ ನೇರವಾಗಿ ‘ಇಂಟ್’ ಬರುತ್ತದೆ. ತಿಂಗಳ ಲೀಟರ್‌ಗಳನ್ನು ಕೂಡುವ ಫಂಕ್ಷನ್‌ಗೆ ಪಠ್ಯವೆಂದರೇನು ಎಂಬುದೇ ಗೊತ್ತಿರುವುದಿಲ್ಲ. ಓದಲಾಗದ್ದನ್ನು ಸೊನ್ನೆ ಎಂದು ಕೂಡುವ ಅವಕಾಶವೇ ಅದಕ್ಕೆ ಇರುವುದಿಲ್ಲ. ಕ್ಲೋಜರ್‌ನ ಮ್ಯಾಪಿಗೂ ಇದಕ್ಕೂ ಇರುವ ವ್ಯತ್ಯಾಸ ಇಷ್ಟೇ, ಆದರೆ ಈ ಇಷ್ಟು ಸಣ್ಣದಲ್ಲ. ಒಂದು ಸ್ಕೀಮಾದ ಕೈಯನ್ನು ಇನ್ನೊಂದರ ರೆಕಾರ್ಡಿಗೆ ಹಾಕದಂತೆ ಕಂಪೈಲರ್‌ನಿಂದಲೇ ತಡೆಸಬಹುದು, ಎಸ್‌ಟಿ ಮೊನ್ಯಾಡ್ ಎಂಬ ಹ್ಯಾಸ್ಕೆಲ್ ಸಲಕರಣೆಯಲ್ಲಿ ಮಾಡಿರುವ ಉಪಾಯದಿಂದ. ಅದನ್ನು ಆಮೇಲೆ ನೋಡಿಕೊಂಡರಾಯಿತು.

ಆವರಣಪ್ರಿಯ

ಗೇಟಿನಲ್ಲಿ ಒಂದು ಸಲ ತಪಾಸಣೆ ಮಾಡುವುದನ್ನು ನಾನೂ ಮಾಡುತ್ತೇನೆ; ಕ್ಲೋಜರ್ ಸ್ಪೆಕ್ ಇರುವುದೇ ಅದಕ್ಕೆ. ಒಳಗೆ ಬಂದ ಮೇಲೆ ನಾನು ನನ್ನನ್ನು ನಂಬುತ್ತೇನೆ, ನೀವು ಕಂಪೈಲರನ್ನು ನಂಬುತ್ತೀರಿ. ಮೂವರ ತಂಡಕ್ಕೆ ಜಿಎಡಿಟಿ ಕಲಿಸುವ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ ಎಂಬುದಷ್ಟೇ ನನ್ನ ವಿನಂತಿ.

ಹದಿನೆಂಟನೇ ಅಡ್ಡರಸ್ತೆ

ಹಿಡಿದಿದ್ದೇನೆ. ಸುಳ್ಳು ಸೊನ್ನೆಯಿಂದಾದ ಖರ್ಚನ್ನು ಅವರು ಆಗಲೇ ಕಟ್ಟಿದ್ದಾರೆ.

ಟೆಲಿಫೋನ್ ಎಕ್ಸ್‌ಚೇಂಜ್

ಎರ್ಲಾಂಗ್ ಭಾಷೆಯ ಕಡೆಯಿಂದ ಒಂದು ಎಚ್ಚರಿಕೆ ಹೇಳದೆ ಹೋಗಲಾರೆ, ಏಕೆಂದರೆ ‘ಹೆಸರು ಓಡುವಾಗ ಹುಟ್ಟುತ್ತದೆ’ ಎಂಬ ಮಾತು ಕೇಳಿದಾಗಲೆಲ್ಲ ನನಗೆ ಒಂದು ರಾತ್ರಿ ನೆನಪಾಗುತ್ತದೆ.

ಎರ್ಲಾಂಗ್‌ನ ರೆಕಾರ್ಡ್ ಎಂಬುದು ವೇಷ ಹಾಕಿದ ಟಪಲ್, ಅಂದರೆ ಮೌಲ್ಯಗಳ ನಿಗದಿತ ಉದ್ದದ ಸಾಲು. ಫೀಲ್ಡ್‌ನ ಹೆಸರುಗಳು ಕಂಪೈಲ್ ಆಗುವಾಗಲೇ ಸ್ಥಾನದ ಸಂಖ್ಯೆಗಳಾಗಿ ಕರಗಿಹೋಗುತ್ತವೆ. ಒಂದು ಫೀಲ್ಡ್ ಸೇರಿಸಿದರೆ ಟಪಲ್‌ನ ಉದ್ದ ಬದಲಾಗಿ, ಹಿಂದೆ ಉಳಿಸಿಟ್ಟ ದತ್ತಾಂಶ ಹೊಸ ಪ್ಯಾಟರ್ನ್‌ಗೆ ಹೊಂದುವುದಿಲ್ಲ. 2014ರಲ್ಲಿ ಬಂದ ಎರ್ಲಾಂಗ್‌ನ ಒಟಿಪಿ 17 ಆವೃತ್ತಿಯಲ್ಲಿ ಮ್ಯಾಪ್ ಸೇರಿದ ಮೇಲೆ ನಾವೆಲ್ಲ ಉಸಿರುಬಿಟ್ಟೆವು. ಎರ್ಲಾಂಗ್ ಮೇಲೆಯೇ ಓಡುವ ಎಲಿಕ್ಸಿರ್ ಭಾಷೆಯ ಸ್ಟ್ರಕ್ಟ್ ಕೂಡ ಒಳಗೆ ಒಂದು ಮ್ಯಾಪ್. ಯಾವ ಮಾಡ್ಯೂಲಿನದು ಎಂಬ ಚೀಟಿ ಅದಕ್ಕೆ ಅಂಟಿರುತ್ತದೆ ಅಷ್ಟೇ.

ಅಪಾಯವಿರುವುದು ಆಟಮ್‌ಗಳಲ್ಲಿ, ಅಂದರೆ ಹೆಸರೇ ಮೌಲ್ಯವಾಗಿರುವ ಸ್ಥಿರಾಂಕಗಳಲ್ಲಿ. ಮ್ಯಾಪಿನ ಕೀಲಿಗಳು ಆಟಮ್ ಆಗಿದ್ದರೆ ಕೋಡ್ ಅಂದವಾಗಿ ಕಾಣುತ್ತದೆಂದು, ನಾನು ಹಿಂದೆ ಕೆಲಸ ಮಾಡುತ್ತಿದ್ದ ಕಡೆ, ಹೊರಗಿನಿಂದ ಬಂದ ಜೇಸನ್‌ನ ಪ್ರತಿ ಕೀಲಿಯನ್ನೂ ಆಟಮ್ ಮಾಡುತ್ತಿದ್ದೆವು. ಬಳಕೆ ಮುಗಿದ ಮೆಮೊರಿಯನ್ನು ಗುಡಿಸುವ ಗಾರ್ಬೇಜ್ ಕಲೆಕ್ಟರ್ ಆಟಮ್‌ಗಳನ್ನು ಎಂದಿಗೂ ಗುಡಿಸುವುದಿಲ್ಲ. ಸಹಜ ಮಿತಿ 10,48,576. ಒಂದು ಗ್ರಾಹಕರ ವ್ಯವಸ್ಥೆ ತನ್ನ ಬಿಲ್ ಸಂಖ್ಯೆಗಳನ್ನೇ ಕೀಲಿಗಳನ್ನಾಗಿ ಕಳುಹಿಸತೊಡಗಿತು. ಕೆಲವು ವಾರ ಏನೂ ಆಗಲಿಲ್ಲ. ಆಮೇಲೆ ಒಂದು ನಡುರಾತ್ರಿ ಇಡೀ ನೋಡ್, ಅಂದರೆ ಓಡುತ್ತಿದ್ದ ಎರ್ಲಾಂಗ್ ವ್ಯವಸ್ಥೆಯೇ, ಕುಸಿಯಿತು. ಒಂದು ಪ್ರೊಸೆಸ್ ಬಿದ್ದರೆ ಇನ್ನೊಂದು ಎಬ್ಬಿಸುತ್ತದೆ ಎಂಬ ಎರ್ಲಾಂಗ್‌ನ ಹೆಗ್ಗಳಿಕೆ ಅಲ್ಲಿ ನೆರವಿಗೆ ಬರಲಿಲ್ಲ, ಏಕೆಂದರೆ ಬಿದ್ದದ್ದು ಎಬ್ಬಿಸುವವರ ಮನೆಯೇ. ಈಗ ಹೊರಗಿನ ಕೀಲಿಗಳು ಬೈನರಿಯಾಗಿಯೇ (ಬರಿಯ ಪಠ್ಯವಾಗಿಯೇ) ಇರುತ್ತವೆ. ಆಟಮ್ ಬೇಕೇ ಬೇಕಾದರೆ ಮೊದಲೇ ಇರುವ ಆಟಮ್ ಮಾತ್ರ ಕೊಡುವ ‘ಎಕ್ಸಿಸ್ಟಿಂಗ್’ ಫಂಕ್ಷನ್ ಬಳಸುತ್ತೇವೆ.

ಹ್ಯಾಸ್ಕೆಲ್‌ನಲ್ಲಿ ಆಟಮ್ ಇಲ್ಲದಿರಬಹುದು. ಆದರೆ ಹೊರಗಿನವರು ಕೊಡುವ ಹೆಸರುಗಳಿಂದ ನಿಮ್ಮೊಳಗೆ ಏನನ್ನೋ ಶಾಶ್ವತವಾಗಿ ಹುಟ್ಟಿಸುತ್ತಿದ್ದೀರಾ ಎಂಬ ಪ್ರಶ್ನೆಯನ್ನು ಯಾವ ಭಾಷೆಯಲ್ಲಾದರೂ ಕೇಳಿಕೊಳ್ಳಿ.

ಹದಿನೆಂಟನೇ ಅಡ್ಡರಸ್ತೆ

ಸರಿಯಾದ ಮಾತು. ನಮ್ಮ ಕಡೆಯೂ ಅದರ ದೂರದ ನೆಂಟನೊಬ್ಬನಿದ್ದ. ಏಸನ್‌ನ ಆಬ್ಜೆಕ್ಟ್ ಹಿಂದೆ ನೇರವಾಗಿ ಹ್ಯಾಶ್‌ಮ್ಯಾಪ್ (ಕೀಲಿಯಿಂದ ‘ಹ್ಯಾಶ್’ ಎಂಬ ಸಂಖ್ಯೆ ಲೆಕ್ಕಹಾಕಿ ಜಾಗ ಹುಡುಕುವ ಮ್ಯಾಪ್) ಆಗಿತ್ತು. ಬೇಕೆಂದೇ ಒಂದೇ ಹ್ಯಾಶ್‌ಗೆ ಬೀಳುವ ಕೀಲಿಗಳನ್ನು ಕಳುಹಿಸಿ ಸರ್ವರನ್ನು ಮುಗ್ಗರಿಸುವಂತೆ ಮಾಡಬಹುದಿತ್ತು. 2021ರ 2.0 ಆವೃತ್ತಿಯಲ್ಲಿ ಅದನ್ನು ಕೀಮ್ಯಾಪ್ ಎಂಬ ಹೊದಿಕೆಯೊಳಗೆ ಸೇರಿಸಿದರು.

ಒಂಟೆ ಮರಿ

ಒಕ್ಯಾಮಲ್ ಭಾಷೆಯಲ್ಲಿ ಇದೇ ಬೀಗದ ಕೈಯ ಉಪಾಯವನ್ನು ಇನ್ನೊಂದು ಬದಿಯಿಂದ ಮಾಡುತ್ತೇವೆ. 2014ರಲ್ಲಿ ಬಂದ 4.02 ಆವೃತ್ತಿಯಿಂದ ಎಕ್ಸ್‌ಟೆನ್ಸಿಬಲ್ ವೇರಿಯಂಟ್ ಎಂಬುದಿದೆ: ಟೈಪನ್ನು ಬರೆದು ಮುಚ್ಚದೆ, ಮುಂದೆ ಯಾರು ಬೇಕಾದರೂ ಹೊಸ ಕನ್‌ಸ್ಟ್ರಕ್ಟರ್ ಸೇರಿಸುವಂತೆ ತೆರೆದಿಡಬಹುದು. ಸೊಗಸೆಂದರೆ, ಒಂದು ಫಂಕ್ಷನ್‌ನೊಳಗೆ ಸ್ಥಳೀಯ ಮಾಡ್ಯೂಲ್ ಬರೆದು ಅದರಲ್ಲಿ ಕನ್‌ಸ್ಟ್ರಕ್ಟರ್ ಸೇರಿಸಿದರೆ, ಆ ಫಂಕ್ಷನನ್ನು ಕರೆದಾಗಲೆಲ್ಲ ಹೊಸ ಕನ್‌ಸ್ಟ್ರಕ್ಟರ್ ಹುಟ್ಟುತ್ತದೆ, ಓಡುವ ಹೊತ್ತಿನಲ್ಲೇ. ವರ್ಷಗಟ್ಟಲೆ ಎಲ್ಲರೂ ಇದನ್ನು ತಾವೇ ಕೈಯಾರೆ ಬರೆದುಕೊಳ್ಳುತ್ತಿದ್ದರು, 5.1ರಿಂದ ‘ಟೈಪ್ ಐಡಿ’ ಎಂಬ ಮಾಡ್ಯೂಲ್ ಸ್ಟ್ಯಾಂಡರ್ಡ್ ಲೈಬ್ರರಿಯಲ್ಲೇ ಇದೆ. ಎರಡು ಐಡಿಗಳು ಒಂದೇ ಆಗಿದ್ದರೆ ಅದೂ ಸಾಕ್ಷ್ಯವನ್ನೇ ಕೊಡುತ್ತದೆ. ಆವರಣಪ್ರಿಯರು ಹೇಳಿದ ಬೆಳಿಗ್ಗೆ-ಸಂಜೆಯ ತೊಂದರೆ ಇಲ್ಲಿಯೂ ಇದೆ: ಸ್ಕೀಮಾವನ್ನು ಮತ್ತೆ ಓದಿದಾಗ ಹೊಸ ಐಡಿ ಸೃಷ್ಟಿಸಿದರೆ ಹಳೆಯ ಕೈಗಳೆಲ್ಲ ನಿರುಪಯೋಗಿ. ಆದ್ದರಿಂದ ಅಪಾರ್ಟ್‌ಮೆಂಟ್ ಉದಾಹರಣೆಗೆ ಹ್ಯಾಸ್ಕೆಲ್‌ನ ಜಿಎಡಿಟಿ ದಾರಿಯೇ ಹೆಚ್ಚು ಹೊಂದುತ್ತದೆ. ಬಗೆಗಳನ್ನು ಅದು ಹುಟ್ಟಿನಿಂದ ಗುರುತಿಸುವುದಿಲ್ಲ, ರಚನೆಯಿಂದ ಗುರುತಿಸುತ್ತದೆ.

ಟೈಪ್ ತಪಾಸಣೆಯನ್ನೇ ತಪ್ಪಿಸಿ ಹೋಗುವ ‘ಆಬ್ಜ್ ಮ್ಯಾಜಿಕ್’ ಬಳಸಿ ಎಂದು ಯಾರಾದರೂ ಸಲಹೆ ಕೊಟ್ಟರೆ ದಯವಿಟ್ಟು ಕೇಳಬೇಡಿ.

ಸಂಪಿನ ಲೆಕ್ಕ

ಎಲ್ಲರಿಗೂ ವಂದನೆಗಳು. ಜಿಎಡಿಟಿ ಓದಿಕೊಳ್ಳಲು ಒಂದು ವಾರಾಂತ್ಯ ಹೋಯಿತು, ಆದರೆ ಈಗ ಬೀಗದ ಕೈ ಕೆಲಸ ಮಾಡುತ್ತಿದೆ. ಸ್ಕೀಮಾದಲ್ಲಿ ‘ಲೀಟರ್’ ಫೀಲ್ಡನ್ನು ಬೇಕೆಂದೇ ಪಠ್ಯವೆಂದು ಬದಲಿಸಿ ನೋಡಿದೆ. ಸರ್ವರ್ ಏಳುವಾಗಲೇ, ತಿಂಗಳ ವರದಿಗೆ ಈ ಫೀಲ್ಡ್ ಪೂರ್ಣಾಂಕವಾಗಿರಬೇಕು ಎಂದು ದೂರಿತು. ತಿಂಗಳ ಕೊನೆಯವರೆಗೆ ಕಾಯಲಿಲ್ಲ.

ಒಂದು ಸಂಶಯ ಉಳಿದಿದೆ. ಪ್ರತಿ ರೆಕಾರ್ಡೂ ಒಂದು ಮ್ಯಾಪ್ ಆಗಿದೆ. ಒಂದು ಸಂಘದ ವರ್ಷದ ದಾಖಲೆಗಳನ್ನೆಲ್ಲ ಒಟ್ಟಿಗೆ ತಂದಾಗ ಮೆಮೊರಿ ಎದ್ದು ಕಾಣುವಷ್ಟು ಏರುತ್ತದೆ. ಇದು ಅನಿವಾರ್ಯವೇ?

ಹದಿನೆಂಟನೇ ಅಡ್ಡರಸ್ತೆ

ಅನಿವಾರ್ಯವಲ್ಲ. ಲೆಕ್ಕ ಹಾಕಿ ನೋಡೋಣ. 64 ಬಿಟ್ ಯಂತ್ರದಲ್ಲಿ ಐದು ಫೀಲ್ಡ್‌ಗಳ ನಿಮ್ಮ ಹಳೆಯ ರೆಕಾರ್ಡ್‌ಗೆ ಒಂದು ಹೆಡರ್, ಐದು ಪಾಯಿಂಟರ್, ಒಟ್ಟು ತಲಾ 8 ಬೈಟಿನ ಆರು ವರ್ಡ್, ಅಂದರೆ 48 ಬೈಟ್. ಕಂಟೇನರ್ಸ್ ಲೈಬ್ರರಿಯ ಮ್ಯಾಪಿನಲ್ಲಿ ಒಂದೊಂದು ಗಂಟಿಗೂ ಹೆಡರ್, ಗಾತ್ರ, ಕೀಲಿ, ಮೌಲ್ಯ, ಎಡ ಕೊಂಬೆ, ಬಲ ಕೊಂಬೆ ಎಂದು ಆರು ವರ್ಡ್ ಬೇಕು. ಐದು ಫೀಲ್ಡಿಗೆ ಐದು ಗಂಟು, 240 ಬೈಟ್. ಮೌಲ್ಯಗಳು ಎರಡರಲ್ಲೂ ಬೇರೆ. ಇದರ ಜೊತೆಗೆ ಪ್ರತಿ ರೆಕಾರ್ಡೂ ‘ಲೀಟರ್’ ಎಂಬ ಪಠ್ಯದ ಸ್ವಂತ ಪ್ರತಿಯನ್ನು ಇಟ್ಟುಕೊಂಡಿದ್ದರೆ ಇನ್ನೂ ದಂಡ.

ನಿಮ್ಮ ಎಲ್ಲ ರೆಕಾರ್ಡ್‌ಗಳಿಗೂ ಒಂದೇ ಸ್ಕೀಮಾ ಇರುವಾಗ ಹೆಸರುಗಳನ್ನು ಪ್ರತಿಯೊಂದರಲ್ಲೂ ಹೊರುವುದೇಕೆ? ಯಾವ ಹೆಸರು ಎಷ್ಟನೇ ಸ್ಥಾನ ಎಂಬುದನ್ನು ಸ್ಕೀಮಾ ಒಂದೇ ಕಡೆ ಇಟ್ಟುಕೊಳ್ಳಲಿ. ರೆಕಾರ್ಡ್ ಎಂಬುದು ಮೌಲ್ಯಗಳ ಒಂದು ಪುಟ್ಟ ಅರೇ ಆಗಲಿ. ಐದು ಅಂಶಗಳ ಸ್ಮಾಲ್ ಅರೇಗೆ ಹೆಡರ್, ಗಾತ್ರ ಸೇರಿ ಏಳು ವರ್ಡ್, 56 ಬೈಟ್. ಬೀಗದ ಕೈಯೊಳಗೆ ಹೆಸರಿನ ಬದಲು ಸ್ಥಾನದ ಸಂಖ್ಯೆ ಇರಲಿ. ಹೊರಗಿನ ಕೋಡಿನಲ್ಲಿ ಒಂದು ಸಾಲೂ ಬದಲಾಗಬೇಕಿಲ್ಲ.

ಟೆಲಿಫೋನ್ ಎಕ್ಸ್‌ಚೇಂಜ್

ಎರ್ಲಾಂಗ್‌ನ ಸಣ್ಣ ಮ್ಯಾಪ್‌ಗಳು ಒಳಗೆ ಮಾಡುವುದೂ ಇದನ್ನೇ. 32 ಕೀಲಿಗಳವರೆಗೆ ಕೀಲಿಗಳದ್ದೊಂದು ಟಪಲ್, ಮೌಲ್ಯಗಳದ್ದೊಂದು ಸಾಲು. ಇರುವ ಕೀಲಿಯ ಮೌಲ್ಯವನ್ನು ಬದಲಿಸಿದಾಗ ಕೀಲಿಗಳ ಟಪಲ್ ಹಂಚಿಕೆಯಾಗುತ್ತದೆ. ಅದನ್ನು ದಾಟಿದರೆ ಮರದ ರೂಪಕ್ಕೆ ಹೊರಳುತ್ತದೆ.

ಎರಡನೇ ಸೆಮಿಸ್ಟರ್

ಫೀಲ್ಡನ್ನು ಅಳಿಸಿದರೆ ಅಥವಾ ಬಗೆ ಬದಲಿಸಿದರೆ ಸ್ಥಾನಗಳೆಲ್ಲ ಪಲ್ಲಟವಾಗುವುದಿಲ್ಲವೇ? ಹಳೆಯ ದಾಖಲೆಗಳ ಗತಿಯೇನು?

ಹದಿನೆಂಟನೇ ಅಡ್ಡರಸ್ತೆ

ಸ್ಕೀಮಾವನ್ನು ತಿದ್ದುವುದೇ ಇಲ್ಲ. ಹೊಸ ಸ್ಕೀಮಾ ಸೃಷ್ಟಿಸುತ್ತೇವೆ. ಹಳೆಯದು ತನ್ನ ಆವೃತ್ತಿ ಸಂಖ್ಯೆಯೊಂದಿಗೆ ಹಾಗೆಯೇ ಉಳಿಯುತ್ತದೆ, ಪ್ರತಿ ದಾಖಲೆಯೂ ತಾನು ಯಾವ ಆವೃತ್ತಿಯದು ಎಂದು ಬರೆದುಕೊಂಡಿರುತ್ತದೆ. ಹಳೆಯ ಆಕಾರದಿಂದ ಹೊಸ ಆಕಾರಕ್ಕೆ ಹೋಗುವುದು ಒಂದು ಫಂಕ್ಷನ್. ಅದು ಹೊಸ ರೆಕಾರ್ಡನ್ನಾದರೂ ಕೊಡುತ್ತದೆ, ಏಕೆ ಆಗಲಿಲ್ಲ ಎಂಬ ಕಾರಣವನ್ನಾದರೂ ಕೊಡುತ್ತದೆ. ಮೂರನೆಯ ಉತ್ತರ, ಅಂದರೆ ಆ ಸೊನ್ನೆ, ಇರಕೂಡದು.

ಸಂಪಿನ ಲೆಕ್ಕ

ತಡವಾಗಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ಅರೇಗೆ ಬದಲಾಯಿಸಿದ್ದು ಅರ್ಧ ದಿನದ ಕೆಲಸವಾಯಿತು. ನಿಜಕ್ಕೂ ಹೊರಗಿನ ಕೋಡ್ ಮುಟ್ಟಬೇಕಾಗಲಿಲ್ಲ. ಆವೃತ್ತಿಯ ಪ್ರಶ್ನೆ ಎರಡನೇ ಸೆಮಿಸ್ಟರ್ ಅವರು ಕೇಳಿದ ವಾರದಲ್ಲೇ ಎದುರಾಯಿತು. ಒಂದು ಸಂಘದ ಕಾರ್ಯದರ್ಶಿಯವರು ಮೊದಲು ಪಠ್ಯವಾಗಿ ಇಟ್ಟಿದ್ದ ‘ಟಿಡಿಎಸ್’ ಫೀಲ್ಡನ್ನು ಪೂರ್ಣಾಂಕಕ್ಕೆ ಬದಲಿಸಿದರು. ಹಳೆಯ ದಾಖಲೆಗಳಲ್ಲಿ ಬಹುಪಾಲು ತಾವಾಗಿಯೇ ಹೊಸ ಆಕಾರಕ್ಕೆ ಬಂದವು, ‘೪೮೦’ ಎಂದು ಬರೆದದ್ದೂ ಸೇರಿ. ಮೂರು ಮಾತ್ರ ಕಾರಣಸಹಿತ ವಾಪಸಾದವು: ಒಂದರಲ್ಲಿ ‘400-450’ ಎಂದಿತ್ತು, ಒಂದು ಖಾಲಿಯಾಗಿತ್ತು. ಮೂರನೆಯದರಲ್ಲಿ ಗೇಟಿನವರು ‘ಸ್ವಲ್ಪ ಉಪ್ಪು’ ಎಂದು ಬರೆದಿದ್ದರು. ಮೊದಲೆರಡನ್ನು ಕಾರ್ಯದರ್ಶಿಯವರು ತಿದ್ದಿದರು. ಮೂರನೆಯದು ಒಂದನೇ ಆವೃತ್ತಿಯ ಆಕಾರದಲ್ಲಿಯೇ, ಬರೆದವರ ಮಾತಿನಲ್ಲಿಯೇ ಉಳಿದಿದೆ.